ರಕ್ತ ಹೆಪ್ಪುಗಟ್ಟದ ಹಾಗೆ ತಡೆದ ಉಪ್ಪಿನ ಕತೆ

ರಕ್ತದಾನ ಮಾಡಿದವರಲ್ಲಿ ಎಷ್ಟು ಜನ ಗಮನಿಸಿದ್ದೀರೋ, ನಮ್ಮ ಕೈಗೆ ಸೂಜಿ ಚುಚ್ಚುವ ಮೊದಲೇ ಆ ಪ್ಲಾಸ್ಟಿಕ್ ಚೀಲದ ತಳದಲ್ಲಿ ನೀರಿನಂಥದ್ದು ಏನೋ ಇರುತ್ತದೆ. ಚೀಲ ತೊಳೆದು ಸರಿಯಾಗಿ ಒಣಗಿಸದೆ ಹಾಗೇ ತಂದಿದ್ದಾರೇನೋ ಅನ್ನಿಸುವಷ್ಟು ಸಾದಾ ದ್ರವ. 350 ಮಿಲಿಲೀಟರ್ ರಕ್ತ ಹಿಡಿಯುವ ಚೀಲವಾದರೆ ಅದು ಲೆಕ್ಕ ಹಾಕಿ ತುಂಬಿದ 49 ಮಿಲಿಲೀಟರ್. ಅದರಲ್ಲಿ ಸಕ್ಕರೆಯ ಒಂದು ಜಾತಿ ಗ್ಲೂಕೋಸ್ ಇದೆ, ಚೂರು ಫಾಸ್ಫೇಟ್ ಇದೆ, ಅಡೆನಿನ್ ಅನ್ನುವ ಒಂದು ವಸ್ತು ಇದೆ, ಸ್ವಲ್ಪ ಸಿಟ್ರಿಕ್ ಆಮ್ಲ ಇದೆ. ಮುಖ್ಯವಾಗಿ ಸುಮಾರು ಒಂದೂಕಾಲು ಗ್ರಾಂ ಸೋಡಿಯಂ ಸಿಟ್ರೇಟ್ ಇದೆ. ಈ ಒಂದೂಕಾಲು ಗ್ರಾಂ ಇಲ್ಲದೆ ಹೋದರೆ ನೀವು ಕೊಟ್ಟ ರಕ್ತ ಹತ್ತು ನಿಮಿಷದಲ್ಲಿ ಚೀಲದೊಳಗೆ ಗಟ್ಟಿ ಮುದ್ದೆ!

ಈ ಉಪ್ಪು ಅಷ್ಟು ದೊಡ್ಡ ಮನುಷ್ಯ ಏನಲ್ಲ. ನೀವೇ ಅಡುಗೆಮನೆಯಲ್ಲಿ ಮಾಡಬಹುದು. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರಲ್ಲ, ಅದು ಸಿಟ್ರಿಕ್ ಆಮ್ಲ. (ಹೆಸರು ಉಪ್ಪು, ಜಾತಿ ಆಮ್ಲ. ನಮ್ಮವರು ಹರಳಾಗಿರೋದೆಲ್ಲ ಉಪ್ಪು ಅಂದುಬಿಟ್ಟರು, ಪಾಪ.) ಅದನ್ನು ಹತ್ತು ಗ್ರಾಂ ನೀರಿಗೆ ಹಾಕಿ, ಹನ್ನೆರಡು ಹದಿಮೂರು ಗ್ರಾಂ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ ಸೇರಿಸಿದರೆ ಬುಸ್ಸೆಂದು ನೊರೆ ಬಂದು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಕೊನೆಗೆ ಪಾತ್ರೆಯಲ್ಲಿ ಉಳಿಯುವುದು ಸೋಡಿಯಂ ಸಿಟ್ರೇಟ್ ಕರಗಿದ ನೀರು. ಆಮ್ಲದ ಮೂರು ಹೈಡ್ರೋಜನ್‌ಗಳ ಜಾಗದಲ್ಲಿ ಮೂರು ಸೋಡಿಯಂ ಬಂದು ಕೂತಿರುತ್ತವೆ, ಅದಕ್ಕೇ ಪೂರ್ತಿ ಹೆಸರು ಟ್ರೈಸೋಡಿಯಂ ಸಿಟ್ರೇಟ್. ರುಚಿ ಉಪ್ಪುಪ್ಪು, ಹಿಂದೆ ಚೂರೇ ಚೂರು ಹುಳಿ. ಹೊಟ್ಟೆ ಉಬ್ಬರಕ್ಕೆ ಈನೋ ಕುಡಿಯುವವರು ಇದೇ ಕೆಲಸವನ್ನು ಲೋಟದಲ್ಲಿ ಮಾಡುತ್ತಾರೆ. ಆ ಪೊಟ್ಟಣದ ಮೇಲೆ ಸ್ವರ್ಜಿಕ್ಷಾರ, ನಿಂಬುಕಾಮ್ಲ ಅಂತ ಸಂಸ್ಕೃತದಲ್ಲಿ ಗಂಭೀರವಾಗಿ ಬರೆದಿರುತ್ತದೆ. ಎರಡೂ ಇವೇ, ಸೋಡಾ ಮತ್ತು ನಿಂಬೆ ಉಪ್ಪು. ನೊರೆ ಇಳಿದ ಮೇಲೆ ಕುಡಿಯೋದು ಬಹುಪಾಲು ಸಿಟ್ರೇಟ್ ನೀರನ್ನೇ. ದಿಢೀರ್ ಢೋಕ್ಲಾಕ್ಕೆ ಅದನ್ನು ಹಾಕುವವರು ಸಿಟ್ರೇಟನ್ನೇ ತಿನ್ನುತ್ತಿದ್ದಾರೆ :-)

ಇಷ್ಟು ಸಾಮಾನ್ಯವಾದ ವಸ್ತು ಒಂದು ದೊಡ್ಡ ಸಮಸ್ಯೆಗೆ ಪರಿಹಾರ ಅಂತ ವೈದ್ಯರಿಗೆ ಹೊಳೆಯಲು ಯಾಕೆ ಅಷ್ಟು ಕಾಲ ಬೇಕಾಯಿತು, ಹೊಳೆದ ಮೇಲೂ ಅದನ್ನು ನಂಬಲು ಯಾಕೆ ಮತ್ತೆ ಇಪ್ಪತ್ತು ವರ್ಷ ಬೇಕಾಯಿತು ಅನ್ನುವುದೇ ಈ ಬರಹದ ವಿಷಯ.

* * *

ರಕ್ತಕ್ಕೂ ಹಾಲಿಗೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಇರುವುದು ನನಗೆ ಯಾವಾಗಲೂ ಇಷ್ಟ. ಹಾಲಿಗೆ ಹೆಪ್ಪು ಹಾಕುತ್ತೇವೆ, ರಕ್ತ ಹೆಪ್ಪುಗಟ್ಟುತ್ತದೆ. ಮೊಸರಿಗೆ ಹುಳಿ ಸಾಕು, ರಕ್ತದ ಹೆಪ್ಪಿಗೆ ಬೇರೆ ಏರ್ಪಾಡೇ ಇದೆ, ನಿಜ. ಆದರೆ ಹೋಲಿಕೆ ಪೂರ್ತಿ ಸುಳ್ಳಲ್ಲ. 1890ರಲ್ಲಿ ಫ್ರಾನ್ಸಿನ ಮಾರಿಸ್ ಆರ್ತುಸ್ ಮತ್ತು ಪಾಜೆಸ್ ಅನ್ನುವವರು ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು ಅಂತ ತೋರಿಸಿದರು. ಚೀಸ್ ಮಾಡುವಾಗ ಹಾಲು ಗಟ್ಟಿಯಾಗಲೂ ಕ್ಯಾಲ್ಸಿಯಂ ಬೇಕು ಅಂತ ತೋರಿಸಿದ್ದೂ ಇವರೇ. ರಕ್ತಕ್ಕೆ ಆಕ್ಸಲೇಟ್ ಸೇರಿಸಿ ಕ್ಯಾಲ್ಸಿಯಂ ಅನ್ನು ಮಣ್ಣಿನ ಹಾಗೆ ತಳಕ್ಕೆ ಇಳಿಸಿಬಿಟ್ಟರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಮತ್ತೆ ಕ್ಯಾಲ್ಸಿಯಂ ಹಾಕಿ, ಗಟ್ಟಿಯಾಗುತ್ತದೆ.

ಸಿಟ್ರೇಟ್ ಮಾಡುವ ಕೆಲಸವೂ ಅದೇ, ಆದರೆ ಸೌಮ್ಯವಾಗಿ. ಅದು ಕ್ಯಾಲ್ಸಿಯಂ ಅನ್ನು ತಳಕ್ಕೆ ಇಳಿಸುವುದಿಲ್ಲ. ತನ್ನ ಆಮ್ಲಜನಕದ ತೋಳುಗಳಿಂದ ಏಡಿಯೊಂದು ಕೊಂಡಿಯಲ್ಲಿ ಹಿಡಿದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ರಕ್ತದಲ್ಲೇ ಇರುತ್ತದೆ, ಆದರೆ ಕೈಕಾಲು ಕಟ್ಟಿದ ಹಾಗೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಒಂದರ ಬೆನ್ನಿಗೆ ಒಂದು ಎಚ್ಚರಗೊಳ್ಳಬೇಕಾದರೆ ನಡುವೆ ಹಲವು ಕಡೆ ಬಿಡಿ ಕ್ಯಾಲ್ಸಿಯಂ ಬೇಕು. ಅದು ಸಿಗದೆ ಸರಪಳಿ ಅಲ್ಲಲ್ಲೇ ನಿಂತುಬಿಡುತ್ತದೆ.

ಆಕ್ಸಲೇಟ್ ವಿಷ, ಮನುಷ್ಯನ ಮೈಗೆ ಹಾಕುವ ಹಾಗಿಲ್ಲ. ಸಿಟ್ರೇಟ್ ಹಾಗಲ್ಲ, ನಮ್ಮ ಮೈಯ ಬಹುತೇಕ ಎಲ್ಲ ಬಗೆಯ ಜೀವಕೋಶಗಳೂ ತಾವೇ ಅದನ್ನು ತಯಾರಿಸಿ ತಾವೇ ಉರಿಸುತ್ತವೆ. (ಹ್ಯಾನ್ಸ್ ಕ್ರೆಬ್ಸ್ ಇದನ್ನು 1937ರಲ್ಲಿ ಕಂಡುಹಿಡಿದು 'ನೇಚರ್' ಪತ್ರಿಕೆಗೆ ಕಳಿಸಿದರೆ ಅವರು ಪ್ರಕಟಿಸಲಿಲ್ಲ. 1953ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ನಮ್ಮ ಲೇಖನ ವಾಪಸ್ ಬಂದಾಗ ನೆನಪಿಸಿಕೊಳ್ಳೋಕೆ ಒಳ್ಳೆಯ ಉದಾಹರಣೆ.) ಅಂದರೆ ಸಿಟ್ರೇಟ್ ಹಾಕಿದ ರಕ್ತ ರೋಗಿಯ ಮೈ ಸೇರಿದ ಕೆಲವೇ ನಿಮಿಷಗಳಲ್ಲಿ ಯಕೃತ್ತು ಆ ಸಿಟ್ರೇಟನ್ನು ಉರಿಸಿಬಿಡುತ್ತದೆ, ಹಿಡಿದಿಟ್ಟ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ರೋಗಿಯ ರಕ್ತ ಮೊದಲಿನಂತೆಯೇ ಹೆಪ್ಪುಗಟ್ಟಬಲ್ಲದು. ಚೀಲದಲ್ಲಿ ಇರುವಷ್ಟು ಹೊತ್ತು ಕೆಲಸ ಮಾಡಿ, ಒಳಗೆ ಹೋದ ಕೂಡಲೇ ಮಾಯವಾಗುವ ಔಷಧ! ಬೇಕು ಅಂತ ಕೂತು ವಿನ್ಯಾಸ ಮಾಡಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲವೇನೋ.

ಆದರೆ ಹಿತ್ತಲ ಗಿಡ ಮದ್ದಲ್ಲ ಅಲ್ಲವೇ? ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೇ ಪ್ರಯೋಗಶಾಲೆಗಳ ಕಪಾಟಿನಲ್ಲಿ ಸಿಟ್ರೇಟ್ ಬಾಟಲಿ ಇತ್ತು. ಗಾಜಿನ ನಳಿಕೆಯಲ್ಲಿ ರಕ್ತ ಗಟ್ಟಿಯಾಗದಿರಲಿ ಅಂತ ಶೇಕಡಾ ಒಂದರ ದ್ರಾವಣ ಬಳಸುತ್ತಿದ್ದರು. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಶಸ್ತ್ರವೈದ್ಯರು ರಕ್ತ ಏರಿಸಲು ಪಡುತ್ತಿದ್ದ ಪಾಡು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ಆ ಪಾಡು ಏನು ಅಂತ ಸ್ವಲ್ಪ ಹೇಳಬೇಕು. 1818ರಲ್ಲಿ ಲಂಡನ್ನಿನ ಜೇಮ್ಸ್ ಬ್ಲಂಡೆಲ್ ಮನುಷ್ಯರಿಂದ ಮನುಷ್ಯರಿಗೆ ರಕ್ತ ಏರಿಸುವ ಪ್ರಯತ್ನ ಶುರು ಮಾಡಿದ. ಆತ ಹೆರಿಗೆ ವೈದ್ಯ. ಹೆತ್ತ ಕೂಡಲೇ ರಕ್ತಸ್ರಾವವಾಗಿ ಕಣ್ಣೆದುರೇ ಬಾಣಂತಿಯರು ಸಾಯುವುದನ್ನು ನೋಡಿ ನೋಡಿ ಬೇಸತ್ತವನು. 1829ರಲ್ಲಿ ಒಂದು ಯಶಸ್ವಿ ಪ್ರಯೋಗದ ವರದಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಆದರೆ ರಕ್ತ ಸಿರಿಂಜಿನಲ್ಲೇ ಗಟ್ಟಿಯಾಗುತ್ತಿತ್ತು. ರಕ್ತದ ಗುಂಪುಗಳ ವಿಚಾರವೂ ಆಗ ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ಉಳಿದವರು ಯಾಕೆ ಉಳಿದರು, ಸತ್ತವರು ಯಾಕೆ ಸತ್ತರು ಅಂತಲೇ ತಿಳಿಯುತ್ತಿರಲಿಲ್ಲ. 1860ರ ದಶಕದ ಕೊನೆಗೆ ಬ್ರಾಕ್ಸ್‌ಟನ್ ಹಿಕ್ಸ್ ಅನ್ನುವ ಇನ್ನೊಬ್ಬ ಹೆರಿಗೆ ವೈದ್ಯ ಸೋಡಿಯಂ ಫಾಸ್ಫೇಟ್ ಬೆರೆಸಿ ನೋಡಿದ. ಯೋಚನೆ ಸರಿಯಾಗಿತ್ತು, ಉಪ್ಪು ತಪ್ಪಾಗಿತ್ತು. ಅವನ ರೋಗಿಗಳು ಉಳಿಯಲಿಲ್ಲ.

ರಕ್ತದ ಸಹವಾಸವೇ ಬೇಡ ಅಂತ ಹಾಲು ಏರಿಸಿದವರೂ ಇದ್ದಾರೆ! ತಮಾಷೆಯಲ್ಲ. 1854ರ ಕಾಲರಾ ಸಮಯದಲ್ಲಿ ಟೊರಾಂಟೋದ ಇಬ್ಬರು ವೈದ್ಯರು ರೋಗಿಗಳ ರಕ್ತನಾಳಕ್ಕೆ ಹಸುವಿನ ಹಾಲು ಬಿಟ್ಟರು. 1870ರ ದಶಕದಲ್ಲಿ ಅಮೆರಿಕದಲ್ಲಿ ಇದು ಒಂದು ಫ್ಯಾಷನ್ನೇ ಆಗಿತ್ತು. ಹಾಲಿನ ಕೊಬ್ಬಿನ ಕಣಗಳು ರಕ್ತಕಣಗಳಾಗುತ್ತವೆ ಅನ್ನುವ ನಂಬಿಕೆ ಇತ್ತಂತೆ. ಉಪ್ಪುನೀರಿನ ಸಲೈನ್ ಬಂದ ಮೇಲೆ ಈ ಹುಚ್ಚು ಬಿಟ್ಟಿತು.

1900-01ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದ. ಸಮಸ್ಯೆಯ ಅರ್ಧ ಅಲ್ಲಿಗೆ ತೀರಬೇಕಿತ್ತು. ಇನ್ನರ್ಧ, ಅಂದರೆ ಹೆಪ್ಪು, ಹಾಗೇ ಇತ್ತು. ಅದಕ್ಕೆ ಆಗ ಸಿಕ್ಕ ಉಪಾಯ ರಕ್ತವನ್ನು ಹೊರಗೆ ತೆಗೆಯದೇ ಇರುವುದು. ಅಲೆಕ್ಸಿಸ್ ಕ್ಯಾರಲ್ ಅನ್ನುವ ಫ್ರೆಂಚ್ ಶಸ್ತ್ರವೈದ್ಯ ಕೂದಲೆಳೆಯಂಥ ದಾರದಲ್ಲಿ ರಕ್ತನಾಳಗಳನ್ನು ಹೊಲಿಯುವುದರಲ್ಲಿ ನಿಸ್ಸೀಮ (ಅದಕ್ಕೇ 1912ರ ನೊಬೆಲ್). 1908ರಲ್ಲಿ ನ್ಯೂಯಾರ್ಕಿನಲ್ಲಿ ಲ್ಯಾಂಬರ್ಟ್ ಅನ್ನುವ ಶಸ್ತ್ರವೈದ್ಯನ ನವಜಾತ ಹೆಣ್ಣುಮಗು ರಕ್ತಸ್ರಾವದಿಂದ ಸಾಯುವ ಸ್ಥಿತಿಯಲ್ಲಿತ್ತು. ಕ್ಯಾರಲ್ ತಂದೆಯ ಮಣಿಕಟ್ಟಿನ ಅಪಧಮನಿಯನ್ನು ಮಗುವಿನ ಕಾಲಿನ ಅಭಿಧಮನಿಗೆ ಸೇರಿಸಿ ಹೊಲಿದುಬಿಟ್ಟ. ಬೆಳ್ಳಗೆ ಬಿಳಿಚಿದ್ದ ಕೂಸು ಕೆಂಪಾಯಿತು, ಬದುಕಿತು. ಓದುವಾಗ ಮೈ ಜುಮ್ಮೆನ್ನುವ ಘಟನೆ.

ಆದರೆ ಯೋಚಿಸಿ ನೋಡಿ. ಕ್ಯಾರಲ್ ಥರದ ಕೈ ಎಷ್ಟು ಜನಕ್ಕಿತ್ತು? ರಕ್ತ ಕೊಡುವವನು ರೋಗಿಯ ಪಕ್ಕದಲ್ಲೇ ಮಲಗಬೇಕು. ಅವನಿಗೂ ಶಸ್ತ್ರಚಿಕಿತ್ಸೆ. ಆಮೇಲೆ ಆ ಅಪಧಮನಿಯನ್ನು ಕಟ್ಟಿಹಾಕಬೇಕು, ಅಂದರೆ ಅದು ಶಾಶ್ವತವಾಗಿ ಹೋಯಿತು. ಎಷ್ಟು ರಕ್ತ ಹೋಯಿತು ಅಂತ ಅಳೆಯುವ ದಾರಿ ಇಲ್ಲ, ಕೊಟ್ಟವನು ತಲೆಸುತ್ತಿ ಬಿದ್ದಾಗ ಸಾಕು ಅಂತ ನಿಲ್ಲಿಸುವುದು. ಒಳಗೆ ಮೇಣ ಬಳಿದ ಗಾಜಿನ ಪಾತ್ರೆ, ಸಾಲು ಸಾಲು ಸಿರಿಂಜುಗಳ ಓಟ ಅಂತ ಏನೇನೋ ಬಂದವು. ಎಲ್ಲದರಲ್ಲೂ ಗಡಿಯಾರದ ಜೊತೆ ಪಂದ್ಯ.

* * *

1914 ಬಂತು. ಮಾರ್ಚ್ 27ರಂದು ಬ್ರಸೆಲ್ಸ್‌ನಲ್ಲಿ ಆಲ್ಬರ್ಟ್ ಹಸ್ಟಿನ್ ಸಿಟ್ರೇಟ್ ಮತ್ತು ಗ್ಲೂಕೋಸ್ ಬೆರೆಸಿದ ರಕ್ತವನ್ನು ಒಬ್ಬ ರೋಗಿಗೆ ಕೊಟ್ಟ. ಜಗತ್ತಿನಲ್ಲಿ ಇದೇ ಮೊದಲು. ಆದರೆ ಅವನು ಹೆದರಿಕೊಂಡು ರಕ್ತವನ್ನು ಬಹಳ ತೆಳುವಾಗಿಸಿದ್ದ, ಮಜ್ಜಿಗೆಗೆ ನೀರು ಹಾಕಿದ ಹಾಗೆ. ತುಂಬಾ ರಕ್ತ ಕಳೆದುಕೊಂಡವನಿಗೆ ಅದರಿಂದ ಹೆಚ್ಚು ಉಪಯೋಗ ಇರಲಿಲ್ಲ. ಅದನ್ನು ತಿದ್ದಿಕೊಳ್ಳುವ ಮೊದಲೇ ಆಗಸ್ಟ್‌ನಲ್ಲಿ ಜರ್ಮನ್ ಸೇನೆ ಬೆಲ್ಜಿಯಮ್ಮಿಗೆ ನುಗ್ಗಿತು.

ಅದೇ ವರ್ಷ ನವೆಂಬರ್ 9ರಂದು, ಯುದ್ಧದಿಂದ ಬಹುದೂರ ಬ್ಯೂನಸ್ ಐರಿಸ್‌ನ ರಾಸನ್ ಆಸ್ಪತ್ರೆಯಲ್ಲಿ, ಲೂಯಿಸ್ ಅಗೋತೆ ಸಿಟ್ರೇಟ್ ಹಾಕಿದ ರಕ್ತವನ್ನು ತೆಳುವಾಗಿಸದೆ ಹಾಗೇ ಕೊಟ್ಟ. ಕೆಲವು ದಿನಗಳ ನಂತರ ನಗರದ ಗಣ್ಯರನ್ನು ಕೂರಿಸಿಕೊಂಡು ಅವರೆದುರೇ ಮತ್ತೊಮ್ಮೆ ಮಾಡಿ ತೋರಿಸಿದ. ಅರ್ಜೆಂಟೀನಾದಲ್ಲಿ ಈಗಲೂ ನವೆಂಬರ್ 9 ಸ್ವಯಂಪ್ರೇರಿತ ರಕ್ತದಾನಿಗಳ ದಿನ. ಅಗೋತೆ ರಾಜಕಾರಣಿಯೂ ಹೌದು. ದಿಕ್ಕಿಲ್ಲದ ಮಕ್ಕಳನ್ನು ಸರ್ಕಾರ ತನ್ನ ಸುಪರ್ದಿಗೆ ತೆಗೆದುಕೊಳ್ಳುವ 1919ರ ಕಾನೂನು ಅಲ್ಲಿ ಅವನ ಹೆಸರಿನಲ್ಲೇ ಪ್ರಸಿದ್ಧ. ಬಹಳ ಟೀಕೆಗೆ ಒಳಗಾಗಿ 2005ರಲ್ಲಿ ಅದನ್ನು ರದ್ದು ಮಾಡಿದರು. ಒಂದೇ ಹೆಸರಿಗೆ ಎರಡು ಥರದ ನೆನಪು.

ಮೊದಲು ಮಾಡಿದ್ದು ಹಸ್ಟಿನ್ನೋ ಅಗೋತೆಯೋ ಅಂತ ಇವತ್ತಿಗೂ ಜಗಳವಾಡುವವರಿದ್ದಾರೆ. ನನ್ನನ್ನು ಕೇಳಿದರೆ ನಿಜವಾದ ಕೆಲಸ ಮಾಡಿದ್ದು ಮೂರನೆಯವನು, ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ರಿಚರ್ಡ್ ಲೂಯಿಸೋನ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಶಸ್ತ್ರವೈದ್ಯ. ಅವನು ಕೇಳಿದ ಪ್ರಶ್ನೆ ಬಹಳ ಸರಳ: ಎಷ್ಟು ಹಾಕಬೇಕು?

ಪ್ರಯೋಗಶಾಲೆಯವರು ಶೇಕಡಾ ಒಂದು ಹಾಕುತ್ತಿದ್ದರು ಅಂದೆನಲ್ಲ, ಅವರಿಗೆ ಜಾಸ್ತಿಯಾದರೆ ನಷ್ಟವಿಲ್ಲ, ನಳಿಕೆಯೇನೂ ಸಾಯುವುದಿಲ್ಲ. ಆದರೆ ಆ ಪ್ರಮಾಣದಲ್ಲಿ ಎರಡೂವರೆ ಲೀಟರ್ ರಕ್ತ ಕೊಟ್ಟರೆ ರೋಗಿಯ ಮೈಗೆ 25 ಗ್ರಾಂ ಸಿಟ್ರೇಟ್ ಹೋಗುತ್ತದೆ. ಅಷ್ಟು ಸಿಟ್ರೇಟ್ ರೋಗಿಯ ಸ್ವಂತ ಕ್ಯಾಲ್ಸಿಯಂ ಅನ್ನೂ ಹಿಡಿದುಹಾಕಿ ಹೃದಯ ನಿಲ್ಲಿಸಿಬಿಡುತ್ತದೆ, ಹೃದಯದ ಬಡಿತಕ್ಕೂ ಬಿಡಿ ಕ್ಯಾಲ್ಸಿಯಂ ಬೇಕಲ್ಲ. ಲೂಯಿಸೋನ್ ಕಡಿಮೆ ಮಾಡುತ್ತಾ ಮಾಡುತ್ತಾ ಹೋದ. ಕೊನೆಗೆ ಶೇಕಡಾ 0.2 ಸಾಕು ಅಂತ ಗೊತ್ತಾಯಿತು. ಅಷ್ಟರಲ್ಲೇ ರಕ್ತ ಎರಡು ಮೂರು ದಿನ ಹೆಪ್ಪುಗಟ್ಟದೆ ಇರುತ್ತದೆ. ಅದೇ ಎರಡೂವರೆ ಲೀಟರಿಗೆ ಈಗ ಐದೇ ಗ್ರಾಂ. ನಾಯಿಗಳ ಮೇಲೆ ಪರೀಕ್ಷಿಸಿ, ಆಮೇಲೆ ರೋಗಿಗಳಿಗೆ ಕೊಟ್ಟು, 1915ರ ಜನವರಿಯಲ್ಲಿ ಪ್ರಕಟಿಸಿದ. ಐದರಲ್ಲಿ ಒಂದು ಪಾಲು, ಅಷ್ಟೇ ವ್ಯತ್ಯಾಸ. ಅಷ್ಟು ದಿನ ಕಪಾಟಿನಲ್ಲಿದ್ದ ಬಾಟಲಿ ಔಷಧವಾಯಿತು.

ಅದೇ ತಿಂಗಳು ಅದೇ ಊರಿನ ರಿಚರ್ಡ್ ವೈಲ್ ಇನ್ನೊಂದು ವಿಷಯ ಬರೆದ. ಸಿಟ್ರೇಟ್ ಹಾಕಿದ ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕೆಲವು ದಿನ ಬಿಟ್ಟು ಕೊಟ್ಟರೂ ನಡೆಯುತ್ತದೆ. 1916ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ಪೇಟನ್ ರೌಸ್ ಮತ್ತು ಟರ್ನರ್ ಸಿಟ್ರೇಟ್ ಜೊತೆ ಸಕ್ಕರೆ ಸೇರಿಸಿ ರಕ್ತಕಣಗಳನ್ನು ವಾರಗಟ್ಟಲೆ ಇಟ್ಟರು. ಕಣಗಳು ಜೀವಂತ, ಅವಕ್ಕೂ ಊಟ ಬೇಕಲ್ಲ! (ಈ ರೌಸ್ ಕೋಳಿಗಳ ಗಡ್ಡೆಗೆ ವೈರಸ್ ಕಾರಣ ಅಂತ 1911ರಲ್ಲೇ ತೋರಿಸಿದವನು. ನೊಬೆಲ್ ಬಂದದ್ದು 1966ರಲ್ಲಿ, 55 ವರ್ಷ ಕಾದ ಮೇಲೆ.)

ಮುಂದಿನ ಭಾಗ ನಡೆದದ್ದು ಯುದ್ಧಭೂಮಿಯಲ್ಲಿ. ರೌಸ್ ಬಳಿ ಕೆಲಸ ಕಲಿತಿದ್ದ ಆಸ್ವಾಲ್ಡ್ ರಾಬರ್ಟ್‌ಸನ್ 1917ರಲ್ಲಿ ಅಮೆರಿಕದ ಸೇನೆಯ ವೈದ್ಯನಾಗಿ ಫ್ರಾನ್ಸಿಗೆ ಬಂದ. ಗಾಯಾಳುಗಳು ಒಂದೇ ಸಲಕ್ಕೆ ರಾಶಿ ರಾಶಿ ಬಂದು ಬೀಳುವಾಗ ಒಬ್ಬೊಬ್ಬರ ಪಕ್ಕ ಒಬ್ಬೊಬ್ಬ ದಾನಿಯನ್ನು ಮಲಗಿಸುವುದು ಹೇಗೆ? ಅವನು ಹೊಡೆದಾಟ ಶುರುವಾಗುವ ಮೊದಲೇ ಓ ಗುಂಪಿನ ಸೈನಿಕರಿಂದ ರಕ್ತ ತೆಗೆದು, ಸಿಟ್ರೇಟ್ ಮತ್ತು ಸಕ್ಕರೆಯ ದ್ರಾವಣದ ಬಾಟಲಿಗಳಲ್ಲಿ ತುಂಬಿ, ಮದ್ದುಗುಂಡಿನ ಖಾಲಿ ಪೆಟ್ಟಿಗೆಗಳಿಗೆ ಮಂಜುಗಡ್ಡೆ, ಮರದ ಹೊಟ್ಟು ತುಂಬಿ ಅದರೊಳಗೆ ಇಟ್ಟ. ನವೆಂಬರಿನಲ್ಲಿ ಕಾಂಬ್ರೆ ಕದನದ ಹೊತ್ತಿಗೆ ಆ ಪೆಟ್ಟಿಗೆಗಳು ಮುಂಚೂಣಿಯ ಆಸ್ಪತ್ರೆಯಲ್ಲಿದ್ದವು. ಗುಂಡು ತುಂಬಲು ಮಾಡಿದ ಪೆಟ್ಟಿಗೆಯಲ್ಲಿ ಗುಂಡೇಟು ತಿಂದವನಿಗೆ ರಕ್ತ. ಯಾರಾದರೂ ಕತೆಯಲ್ಲಿ ಹೀಗೆ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಇಲ್ಲಿ ಆದದ್ದು ದೊಡ್ಡ ಬದಲಾವಣೆ. ಕೊಡುವವನು ಇಲ್ಲಿ, ಇವತ್ತು; ಪಡೆಯುವವನು ಇನ್ನೆಲ್ಲೋ, ಮುಂದಿನ ವಾರ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಇದರಿಂದ ಒಳ್ಳೆಯದೂ ಆಯಿತು, ರಕ್ತ ಮಾರಾಟದ ಸರಕೂ ಆಯಿತು. ಪಕ್ಕದಲ್ಲಿ ಮಲಗಿದವನ ಸಂಕಟ ಕಣ್ಣಿಗೆ ಕಂಡರೆ ಚೌಕಾಸಿ ಮಾಡೋದು ಕಷ್ಟ, ಬಾಟಲಿಗೆ ಬೆಲೆ ಕಟ್ಟೋದು ಸುಲಭ. ನಮ್ಮಲ್ಲಿ ದುಡ್ಡಿಗಾಗಿ ಪದೇಪದೇ ರಕ್ತ ಮಾರುವ ದಂಧೆಯನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶ ಕೊಟ್ಟು ನಿಲ್ಲಿಸಬೇಕಾಯಿತು. ಅದು 1998ರ ಜನವರಿಯಿಂದ ಪೂರ್ತಿ ನಿಷೇಧವಾಯಿತು.

* * *

ಯುದ್ಧ ಮುಗಿದ ಮೇಲೆ ಎಲ್ಲ ಆಸ್ಪತ್ರೆಗಳೂ ಸಿಟ್ರೇಟ್ ಹಿಂದೆ ಬಿದ್ದವು ಅಂದುಕೊಂಡಿರಾ? ಇಲ್ಲ! ನನಗೆ ಈ ಇಡೀ ಕತೆಯಲ್ಲಿ ಅತಿ ಮುಖ್ಯ ಅನ್ನಿಸುವ ಭಾಗ ಇದೇ.

ಸಿಟ್ರೇಟ್ ರಕ್ತ ಹಾಕಿಸಿಕೊಂಡ ಹಲವರಿಗೆ ಒಂದೆರಡು ಗಂಟೆಯಲ್ಲಿ ಗಡಗಡ ಚಳಿ ಬಂದು, ಜ್ವರ ಏರುತ್ತಿತ್ತು. ಮೊದಲೇ ಬಳಲಿದ ಜೀವ, ಅದರ ಮೇಲೆ ಇದು. ರಕ್ತನಾಳಗಳನ್ನು ನೇರವಾಗಿ ಜೋಡಿಸುವ ವಿದ್ಯೆ ಕಲಿತಿದ್ದ ಶಸ್ತ್ರವೈದ್ಯರಿಗೆ ಇದು ಸಾಕಾಯಿತು. ನೋಡಿ, ನಾವು ಮೊದಲೇ ಹೇಳಿದ್ದೆವು, ರಕ್ತಕ್ಕೆ ರಾಸಾಯನಿಕ ಬೆರೆಸಬಾರದು, ಶುದ್ಧ ರಕ್ತವೇ ಕೊಡಬೇಕು. 'ಸಿಟ್ರೇಟ್ ರಿಯಾಕ್ಷನ್' ಅಂತ ಹೆಸರೇ ಬಿತ್ತು. ಹೆಸರು ಬಿದ್ದ ಮೇಲೆ ಕಾರಣ ಹುಡುಕುವ ಗೋಜು ಯಾರಿಗೆ ಬೇಕು? ಇಪ್ಪತ್ತರ ದಶಕದಲ್ಲಿ ಎಷ್ಟೋ ದೊಡ್ಡ ಆಸ್ಪತ್ರೆಗಳು ಸಿಟ್ರೇಟ್ ಬಿಟ್ಟು ಹಳೆಯ ಪದ್ಧತಿಗೇ ಹೋದವು. ಅಂದರೆ ಮತ್ತೆ ದಾನಿ ಪಕ್ಕದಲ್ಲಿರಬೇಕು, ಮತ್ತೆ ನುರಿತ ಕೈ ಬೇಕು, ಮತ್ತೆ ಗಡಿಯಾರದ ಜೊತೆ ಪಂದ್ಯ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲದೆ ಬೇರೆಲ್ಲೋ ರಕ್ತ ಬೇಕಾದವರ ಗತಿ? ಅವರ ಲೆಕ್ಕ ಯಾರೂ ಇಟ್ಟಿಲ್ಲ.

ಉತ್ತರದ ಒಂದು ತುಂಡು 1923ರಲ್ಲೇ ಪ್ರಕಟವಾಗಿತ್ತು, ಆದರೆ ಬೇರೆ ಪ್ರಶ್ನೆಗೆ. ಫ್ಲಾರೆನ್ಸ್ ಸೈಬರ್ಟ್ ಅನ್ನುವ ಜೀವರಸಾಯನ ವಿಜ್ಞಾನಿ, ಬಾಲ್ಯದಲ್ಲಿ ಪೋಲಿಯೋ ಆಗಿ ಕುಂಟುತ್ತಾ ನಡೆಯುತ್ತಿದ್ದ ಹೆಣ್ಣುಮಗಳು, ಚುಚ್ಚುಮದ್ದಿನ ನಂತರ ಜ್ವರ ಯಾಕೆ ಬರುತ್ತದೆ ಅಂತ ಹುಡುಕುತ್ತಿದ್ದಳು. ಆಕೆ ಕಂಡುಕೊಂಡದ್ದು ಹೀಗೆ: ಔಷಧ ಕರಗಿಸಲು ಬಳಸುವ ಭಟ್ಟಿ ಇಳಿಸಿದ ನೀರಿನಲ್ಲೇ ಬ್ಯಾಕ್ಟೀರಿಯಾಗಳು ಬಿಟ್ಟ ವಸ್ತುಗಳಿವೆ. ನೀರು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಜ್ವರ ತರುವ ಆ ವಸ್ತು ಕುದಿಗೆ ಬಗ್ಗುವುದಿಲ್ಲ. ಭಟ್ಟಿ ಇಳಿಸುವಾಗಲೂ ಆವಿಯ ಜೊತೆ ಹಾರುವ ಸಣ್ಣ ಹನಿಗಳಲ್ಲಿ ಸವಾರಿ ಮಾಡಿಕೊಂಡು ಈಚೆ ಬಂದುಬಿಡುತ್ತದೆ. ಆ ಹನಿಗಳಿಗೆ ಅಡ್ಡ ಹಾಕುವ ಭಟ್ಟಿಯನ್ನೂ ಆಕೆ ಮಾಡಿ ತೋರಿಸಿದಳು. (ಕ್ಷಯ ಇದೆಯೋ ಇಲ್ಲವೋ ನೋಡಲು ಮುಂಗೈಗೆ ಚುಚ್ಚುತ್ತಾರಲ್ಲ, ಆ ಪರೀಕ್ಷೆಯ ಮದ್ದನ್ನು ಶುದ್ಧಗೊಳಿಸಿದ್ದೂ ಇವಳೇ.)

ಇದನ್ನು ರಕ್ತಕ್ಕೆ ಅನ್ವಯಿಸಲು ಮತ್ತೆ ಹತ್ತು ವರ್ಷ. 1933ರಲ್ಲಿ ಲೂಯಿಸೋನ್, ಹೌದು ಅದೇ ಲೂಯಿಸೋನ್, ನೇಥನ್ ರೋಸೆಂಥಾಲ್ ಜೊತೆ ಸೇರಿ ಲೇಖನ ಬರೆದ. ತಮ್ಮ ಆಸ್ಪತ್ರೆಯಲ್ಲಿ ದ್ರಾವಣಕ್ಕೆ ಬಳಸುವ ನೀರನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿ, ರಬ್ಬರ್ ಕೊಳವೆ, ಗಾಜಿನ ಪಾತ್ರೆ ಎಲ್ಲವನ್ನೂ ಕ್ಷಾರ ಹಾಕಿ ತಿಕ್ಕಿ ತೊಳೆದು, ಅದೆಲ್ಲ ಒಂದೇ ಕಡೆ ತರಬೇತಾದವರ ಕೈಯಲ್ಲೇ ಆಗುವ ಹಾಗೆ ಮಾಡಿದರು. ಚಳಿ ಜ್ವರ ಹೆಚ್ಚುಕಡಿಮೆ ಮಾಯವಾಯಿತು. ಸಿಟ್ರೇಟ್ ಅದೇ, ಪ್ರಮಾಣ ಅದೇ. ಬದಲಾದದ್ದು ಪಾತ್ರೆ ತೊಳೆಯುವ ರೀತಿ!

ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಗಾದೆ ಗೊತ್ತಲ್ಲ? ತಿಂದದ್ದು ಕೊಳಕು ಕೊಳವೆ, ಮೀಸೆಗೆ ಅಂಟಿದ್ದು ಸಿಟ್ರೇಟಿಗೆ. ಹಾಗಂತ ಆ ವೈದ್ಯರನ್ನೆಲ್ಲ ಮೂರ್ಖರು ಅಂತ ತಳ್ಳಿಹಾಕುವುದೂ ಸರಿಯಲ್ಲ. ಅವರ ಕಣ್ಣಿಗೆ ಕಂಡದ್ದು ನಿಜ, ಸಿಟ್ರೇಟ್ ಹಾಕಿದಾಗ ಜ್ವರ ಹೆಚ್ಚು, ಹಾಕದಿದ್ದಾಗ ಕಡಿಮೆ. ಸಿಟ್ರೇಟಿನ ಜೊತೆಗೇ ಒಂದಷ್ಟು ನೀರು, ಒಂದಷ್ಟು ಕೊಳವೆ ಕೂಡ ಬರುತ್ತದೆ ಅನ್ನುವುದು ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಇದಾದ ಮೇಲೆ ಕೆಲಸ ಸರಸರ ನಡೆಯಿತು. 1937ರ ಮಾರ್ಚ್‌ನಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಒಂದು ರಕ್ತ ಸಂಗ್ರಹ ಕೇಂದ್ರ ತೆರೆದು ಅದಕ್ಕೆ 'ಬ್ಲಡ್ ಬ್ಯಾಂಕ್' ಅಂತ ಹೆಸರಿಟ್ಟ. ಜಮಾ ಮಾಡಿ, ಬೇಕಾದಾಗ ತೆಗೆದುಕೊಳ್ಳಿ ಅನ್ನುವ ಅರ್ಥದಲ್ಲಿ. ಆ ಪದವೇ ನಮ್ಮೂರಿನವರೆಗೂ ಬಂತು.

ಒಂದು ಸಣ್ಣ ತೊಡಕು ಉಳಿದಿತ್ತು, ಅದನ್ನು ಅಡುಗೆ ಗೊತ್ತಿದ್ದವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಸಿಟ್ರೇಟ್ ಮತ್ತು ಗ್ಲೂಕೋಸ್ ಎರಡನ್ನೂ ಸೇರಿಸಿ ಒತ್ತಡದಲ್ಲಿ ಕಾಯಿಸಿ ಸೂಕ್ಷ್ಮಾಣು ಕೊಲ್ಲಬೇಕು, ಕುಕ್ಕರಿನ ಹಾಗೆ. ಆದರೆ ಸಿಟ್ರೇಟ್ ಸ್ವಲ್ಪ ಕ್ಷಾರ ಗುಣದ್ದು. ಕ್ಷಾರದಲ್ಲಿ ಸಕ್ಕರೆ ಕಾಯಿಸಿದರೆ ಪಾಕ ಸೀದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಕಾಯಿಸಿ ಆಮೇಲೆ ಸೇರಿಸುತ್ತಿದ್ದರು. ಪ್ರತಿ ಸಲ ಮುಚ್ಚಳ ತೆಗೆದು ಸೇರಿಸುವಾಗಲೂ ಸೂಕ್ಷ್ಮಾಣು ಒಳಗೆ ಹೋಗುವ ಭಯ. 1943ರಲ್ಲಿ, ಇನ್ನೊಂದು ಮಹಾಯುದ್ಧದ ನಡುವೆ, ಬ್ರಿಟನ್ನಿನ ಲೌಟಿಟ್ ಮತ್ತು ಮಾಲಿಸನ್ ದ್ರಾವಣವನ್ನು ಸ್ವಲ್ಪ ಹುಳಿ ಮಾಡಿದರು. ಕಂದಾಗುವುದು ನಿಂತಿತು, ಎಲ್ಲ ಒಂದೇ ಬಾಟಲಿಯಲ್ಲಿ ಒಂದೇ ಸಲಕ್ಕೆ ಕಾಯಿಸಬಹುದಾಯಿತು. ಲಾಭದ ಮೇಲೆ ಲಾಭ, ಹುಳಿ ದ್ರಾವಣದಲ್ಲಿ ಕಣಗಳು ಹೆಚ್ಚು ದಿನ ಬಾಳಿದವು, 21 ದಿನ. ಆಮೇಲೆ ಫಾಸ್ಫೇಟ್, ಅಡೆನಿನ್ ಸೇರಿ 35 ದಿನವಾಯಿತು. ಮೊದಲ ಪ್ಯಾರಾದ ಆ 49 ಮಿಲಿಲೀಟರ್ ಇದೇ ವಂಶದ್ದು.

ಅತಿಯಾದರೆ ಇದೂ ವಿಷವೇ. ಅಪಘಾತದಲ್ಲಿ ಒಬ್ಬರಿಗೇ ಬೇಗಬೇಗ ಹತ್ತಾರು ಚೀಲ ರಕ್ತ ಏರಿಸುವಾಗ ಯಕೃತ್ತಿಗೆ ಸಿಟ್ರೇಟ್ ಉರಿಸಲು ಪುರುಸೊತ್ತಾಗುವುದಿಲ್ಲ, ಆಗ ಕ್ಯಾಲ್ಸಿಯಂ ಚುಚ್ಚುಮದ್ದು ಕೊಡುತ್ತಾರೆ. ಡೆಂಗಿ ಸಮಯದಲ್ಲಿ ಯಂತ್ರಕ್ಕೆ ಕೂತು ಪ್ಲೇಟ್‌ಲೆಟ್ ದಾನ ಮಾಡಿದವರಿಗೆ ತುಟಿ ಜುಮುಜುಮು ಅಂದ ಅನುಭವ ಇರಬಹುದು. ಅದು ನಿಮ್ಮ ಮೈಗೇ ವಾಪಸ್ ಬರುವ ರಕ್ತದಲ್ಲಿರುವ ಸಿಟ್ರೇಟಿನ ಕೆಲಸ.

* * *

ಆಸ್ಪತ್ರೆಯಲ್ಲಿ ಸಿಟ್ರೇಟ್ ಇನ್ನೂ ಎಷ್ಟೋ ಕಡೆ ಅಡಗಿದೆ. ಇಎಸ್ಆರ್ ಪರೀಕ್ಷೆಗೆ ರಕ್ತ ತೆಗೆಯುವ ನಳಿಕೆಯಲ್ಲಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ನೀಲಿ ಮುಚ್ಚಳದ ನಳಿಕೆಯಲ್ಲಿ. ಎರಡನೆಯದರಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರಾವಣ, ಗೆರೆಯವರೆಗೆ ತುಂಬದಿದ್ದರೆ ಫಲಿತಾಂಶ ತಪ್ಪುತ್ತದೆ. ಮತ್ತೆ ಚುಚ್ಚಬೇಕು ಅಂತ ಲ್ಯಾಬಿನವರು ಹೇಳಿದರೆ ಬೈಯಬೇಡಿ. ಉರಿಮೂತ್ರಕ್ಕೆ ವೈದ್ಯರು ಬರೆದುಕೊಡುವ ಸಿಹಿಹುಳಿ ಸಿರಪ್ಪಿನಲ್ಲಿ ಇರುವುದು ಇದರ ತಮ್ಮ, ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್. ಮೈಯೊಳಗೆ ಉರಿದು ಬೈಕಾರ್ಬೊನೇಟ್ ಆಗಿ ಮೂತ್ರದ ಹುಳಿ ಇಳಿಸುತ್ತದೆ. ಚೀಸ್ ಸ್ಲೈಸ್ ಪೊಟ್ಟಣದ ಹಿಂದೆ 331 ಅನ್ನುವ ಸಂಖ್ಯೆ ಕಂಡರೆ ಅದೂ ಇವನೇ. 1911ರಲ್ಲಿ ಸ್ವಿಟ್ಜರ್ಲೆಂಡಿನ ಗೆರ್ಬರ್ ಮತ್ತು ಸ್ಟೆಟ್ಲರ್ ಚೀಸ್ ಕರಗಿಸುವಾಗ ಎಣ್ಣೆ ಬೇರೆ, ಗಟ್ಟಿ ಬೇರೆ ಆಗದಿರಲಿ ಅಂತ ಸಿಟ್ರೇಟ್ ಹಾಕಿದರು. ಅಲ್ಲೂ ಅದು ಮಾಡುವುದು ಹಾಲಿನ ಪ್ರೋಟೀನಿನಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುವ ಕೆಲಸವನ್ನೇ.

ಇಷ್ಟೆಲ್ಲಕ್ಕೂ ಬೇಕಾದ ಸಿಟ್ರಿಕ್ ಆಮ್ಲ ಮೊದಲು ಬರುತ್ತಿದ್ದದ್ದು ನಿಂಬೆಯಿಂದ, ಅದರಲ್ಲೂ ಇಟಲಿಯ ಸಿಸಿಲಿ ದ್ವೀಪದಿಂದ. 1917ರಲ್ಲಿ ಜೇಮ್ಸ್ ಕರಿ ಅನ್ನುವ ಅಮೆರಿಕದ ವಿಜ್ಞಾನಿ ಈರುಳ್ಳಿ ಸಿಪ್ಪೆಯ ಮೇಲೆ ಬರುವ ಕಪ್ಪು ಬೂಷ್ಟಿನ ಜಾತಿಯ ಶಿಲೀಂಧ್ರಕ್ಕೆ ಸಕ್ಕರೆ ತಿನ್ನಿಸಿ ಅದೇ ಆಮ್ಲ ಪಡೆಯುವ ವಿಧಾನ ಬರೆದ, ಎರಡು ವರ್ಷದಲ್ಲಿ ಫೈಜರ್ ಕಂಪನಿ ಕಾರ್ಖಾನೆ ಮಟ್ಟದಲ್ಲಿ ಶುರು ಮಾಡಿತು. ಈಗ ಪೊಟ್ಟಣದಲ್ಲಿ ಸಿಗುವ ನಿಂಬೆ ಉಪ್ಪಿಗೆ ನಿಂಬೆಯ ಗಂಧವೂ ಇಲ್ಲ.

ನಮ್ಮ ಕಡೆಯ ಒಂದು ಮಾತು ಬಾಕಿ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಬಾಟಲಿಗಳು ಮುಗಿದುಹೋದವು. ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇದೇ ಓಆರ್‌ಎಸ್ ಆಗಿ ಜಗತ್ತಿಗೆ ಹಬ್ಬಿತು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ.

ಪೊಟ್ಟಣದಲ್ಲಿ ತುಂಬಿ ಹಳ್ಳಿಗಳಿಗೆ ಕಳಿಸಲು ಶುರು ಮಾಡಿದಾಗ ಲೌಟಿಟ್ ಮತ್ತು ಮಾಲಿಸನ್ ಕಂಡ ತೊಂದರೆಯ ಅಣ್ಣನೇ ಎದುರಾದ. ಸೆಕೆಯಲ್ಲಿ, ತೇವದಲ್ಲಿ ಸೋಡಾ ಮತ್ತು ಗ್ಲೂಕೋಸ್ ಒಟ್ಟಿಗಿದ್ದರೆ ಪುಡಿ ಗಂಟುಕಟ್ಟಿ ಕಂದಾಗುತ್ತದೆ. ಕಂದಾದ ಪುಡಿಯನ್ನು ಯಾವ ತಾಯಿ ತಾನೇ ಮಗುವಿಗೆ ಕುಡಿಸುತ್ತಾಳೆ? 1984ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೋಡಾ ತೆಗೆದು ಆ ಜಾಗಕ್ಕೆ ಟ್ರೈಸೋಡಿಯಂ ಸಿಟ್ರೇಟ್ ಹಾಕಿದವು. ಅದು ಗ್ಲೂಕೋಸಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಹೊಟ್ಟೆಗೆ ಹೋದ ಮೇಲೆ ತಾನೇ ಉರಿದು ಬೈಕಾರ್ಬೊನೇಟ್ ಆಗುತ್ತದೆ. 2002ರಲ್ಲಿ ಉಪ್ಪು, ಗ್ಲೂಕೋಸ್ ಎರಡನ್ನೂ ತಗ್ಗಿಸಿ ಲೆಕ್ಕ ಬದಲಿಸಿದರು, ಸಿಟ್ರೇಟನ್ನು ಮಾತ್ರ ಮುಟ್ಟಲಿಲ್ಲ. ಲೀಟರಿಗೆ ಕರಗಿಸುವ 20.5 ಗ್ರಾಂ ಪುಡಿಯಲ್ಲಿ 2.9 ಗ್ರಾಂ ಅದೇ.